ಗುಲಾಬಿಗೆ ಇನ್ನಷ್ಟು ಗೊಬ್ಬರ ಹಾಕುವ ಮುನ್ನ, ಹಳದಿಯಾಗಿರುವುದು ಯಾವ ಎಲೆ ಎಂದು ನೋಡಿ
ನಮಸ್ಕಾರ. ತಿಂಗಳಿಗೊಮ್ಮೆ ಒಂದು ಚಮಚ ಡಿಎಪಿ ರಾಸಾಯನಿಕ ಗೊಬ್ಬರ, ವಾರಕ್ಕೊಮ್ಮೆ ಹಿಂಡಿ ನೆನೆಸಿದ ನೀರು, ನಡುನಡುವೆ ಮೊಟ್ಟೆಯ ಚಿಪ್ಪಿನ ಪುಡಿ, ಇಷ್ಟೆಲ್ಲ ಕೊಟ್ಟರೂ ಗಿಡ ಆಳೆತ್ತರ ಬೆಳೆದಿದೆಯೇ ಹೊರತು ಹೂವು ಬಿಡುತ್ತಿಲ್ಲ, ಕುಡಿಯ ಎಲೆಗಳು ಹಳದಿಯಾಗುತ್ತಿವೆ, ಬುಡದ ಎಲೆಗಳು ಕಪ್ಪು ಚುಕ್ಕೆ ಬಿದ್ದು ಉದುರುತ್ತಿವೆ, ಇನ್ನೇನು ಹಾಕಲಿ ಎಂದು ಕೇಳಿದ್ದೀರಿ. ಸದ್ಯಕ್ಕೆ ಯಾವ ಗೊಬ್ಬರವನ್ನೂ ಹಾಕಬೇಡಿ. ನಿಮ್ಮ ಗಿಡ ಹಸಿದಿಲ್ಲ, ಅದಕ್ಕೆ ಅಜೀರ್ಣವಾಗಿದೆ.

ಮೊದಲು ಹಳದಿ ಎಲೆಯ ವಿಚಾರ. ಸಾರಜನಕವೂ ಮೆಗ್ನೀಷಿಯಮ್ಮೂ ಗಿಡದೊಳಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಬಲ್ಲವು; ಅವು ಸಾಲದೆ ಬಂದಾಗ ಗಿಡವು ಬಲಿತ ಎಲೆಗಳಿಂದ ಅವನ್ನು ಹಿಂದೆಗೆದು ಚಿಗುರಿಗೆ ಕೊಡುವುದರಿಂದ ಕೆಳಗಿನ ಎಲೆಗಳು ಮೊದಲು ಬಣ್ಣಗೆಡುತ್ತವೆ. ಕಬ್ಬಿಣ ಹಾಗೆ ಸಾಗುವುದಿಲ್ಲ. ಆದ್ದರಿಂದ ಅದರ ಕೊರತೆ ಕಾಣಿಸಿಕೊಳ್ಳುವುದು ಎಳೆಯ ಎಲೆಗಳಲ್ಲಿ: ಎಲೆಯ ಮೈ ನಿಂಬೆಯ ಬಣ್ಣಕ್ಕೆ ತಿರುಗಿದರೂ ನರಗಳು ಮಾತ್ರ ಬಲೆ ಹೆಣೆದಂತೆ ಹಸಿರಾಗಿಯೇ ಉಳಿಯುತ್ತವೆ. ನೀವು ಹಾಕಿರುವ ಚಿತ್ರದಲ್ಲಿ ಇರುವುದು ಇದೇ ಲಕ್ಷಣ.

ಇದರರ್ಥ ಮಣ್ಣಿನಲ್ಲಿ ಕಬ್ಬಿಣವೇ ಇಲ್ಲ ಎಂದಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಅದು ಇದ್ದೂ ಬೇರಿಗೆ ದಕ್ಕುವುದಿಲ್ಲ. ಗುಲಾಬಿಗೆ 6ರಿಂದ 6.5ರ ರಸಸಾರದ (ಪಿಎಚ್, ಅಂದರೆ ಮಣ್ಣು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬುದರ ಅಳತೆ) ಮಣ್ಣು ಹಿತ. 7ನ್ನು ದಾಟಿ ಮಣ್ಣು ಕ್ಷಾರವಾದಂತೆ ಕಬ್ಬಿಣ ಕರಗದ ರೂಪಕ್ಕೆ ಹೋಗುತ್ತದೆ, ರಂಜಕ ಅತಿಯಾದರೂ ಅದನ್ನು ಹೀರುವುದಕ್ಕೆ ಅಡ್ಡಿಯಾಗುತ್ತದೆ. ಡಿಎಪಿಯಲ್ಲಿ ಸಾರಜನಕ ಶೇ. 18, ರಂಜಕ ಶೇ. 46, ಪೊಟ್ಯಾಷ್ ಸೊನ್ನೆ. ಅದನ್ನು ತಿಂಗಳು ತಿಂಗಳೂ ಸುರಿದು, ಮೇಲೆ ಸುಣ್ಣವೇ ಆಗಿರುವ ಮೊಟ್ಟೆಚಿಪ್ಪನ್ನು ಹಾಕಿದರೆ ಗಿಡಕ್ಕೆ ಉಪಕಾರವಾಗದು. (ಚಿಪ್ಪು ಕರಗುವುದು ಬಹಳ ನಿಧಾನ ಎಂಬುದಷ್ಟೇ ಇಲ್ಲಿ ಸಮಾಧಾನ.) ಮಣ್ಣಿನ ರಸಸಾರವನ್ನು ಒಮ್ಮೆ ಪರೀಕ್ಷಿಸಿ, ಪಾತಿಯಲ್ಲಿ ನೀರು ನಿಲ್ಲುತ್ತಿದೆಯೇ ಎಂಬುದನ್ನೂ ನೋಡಿ, ಏಕೆಂದರೆ ಬೇರು ಸದಾ ತೋಯ್ದಿದ್ದರೂ ಎಲೆ ಹೀಗೆಯೇ ಆಗುತ್ತದೆ. ಮಣ್ಣು ಕ್ಷಾರವೆಂದು ತಿಳಿದರೆ ಚೀಲೇಟೆಡ್ ಕಬ್ಬಿಣವನ್ನು (ಬೇರಿಗೆ ದಕ್ಕುವ ರೂಪದಲ್ಲಿ ಕಟ್ಟಿಟ್ಟ ಕಬ್ಬಿಣ), ಅದರಲ್ಲೂ ಪೊಟ್ಟಣದ ಮೇಲೆ ಇಡಿಡಿಎಚ್‌ಎ ಎಂದು ನಮೂದಿಸಿರುವುದನ್ನು ಕೊಡಬಹುದು. ಗಂಧಕದಿಂದ ರಸಸಾರ ಇಳಿಯುವುದಕ್ಕೆ ತಿಂಗಳುಗಳೇ ಬೇಕು.

ಹೂವಿಲ್ಲದೆ ಬರೀ ಸೊಪ್ಪು ಬೆಳೆಯುವುದಕ್ಕೆ ಡಿಎಪಿ ಮತ್ತು ಹಿಂಡಿ ಎರಡರಿಂದಲೂ ಸೇರಿದ ಸಾರಜನಕ ಒಂದು ಕಾರಣ. ಅಂಥ ಮೆತ್ತನೆಯ ಕುಡಿಗಳಿಗೆ ಸಸ್ಯಹೇನೂ ಬೂದಿರೋಗವೂ ಬೇಗ ಹತ್ತುತ್ತವೆ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳದಿದ್ದರೆ ಯಾವ ಗೊಬ್ಬರದಿಂದಲೂ ಪ್ರಯೋಜನವಿಲ್ಲ.

ಕಪ್ಪು ಚುಕ್ಕೆ ಮಾತ್ರ ಬೇರೆಯೇ ವಿಷಯ. ಅದು ಶಿಲೀಂಧ್ರದ ರೋಗ. ಚುಕ್ಕೆಯನ್ನು ಹತ್ತಿರದಿಂದ ನೋಡಿದರೆ ಅಂಚು ದುಂಡಗಿರದೆ, ಒರಟು ಕಾಗದದ ಮೇಲೆ ಬಿದ್ದ ಶಾಯಿ ಹರಡಿದಂತೆ ಎಳೆಎಳೆಯಾಗಿರುತ್ತದೆ. ಎಲೆ ಸುಮಾರು ಏಳು ಗಂಟೆ ಒದ್ದೆಯಾಗಿಯೇ ಇದ್ದರೆ ಸೋಂಕು ತಗಲುತ್ತದೆ, ಹಾಗಾಗಿ ಸಂಜೆ ಗಿಡದ ತಲೆಯ ಮೇಲೆ ನೀರು ಹೊಯ್ಯುವ ಅಭ್ಯಾಸವನ್ನು ಬಿಟ್ಟು ಬೆಳಿಗ್ಗೆ ಬುಡಕ್ಕೆ ಮಾತ್ರ, ದಿನವೂ ಚಿಮುಕಿಸುವ ಬದಲು ಆಳಕ್ಕೆ ಇಳಿಯುವಂತೆ, ನೀರು ಕೊಡಿ. ಉದುರಿದ ಎಲೆಗಳನ್ನು ಆರಿಸಿ ಹೊರಗೆ ಹಾಕಿ. ಅವನ್ನು ಬುಡಕ್ಕೆ ಹೊದಿಕೆಯಾಗಿ ಬಳಸಿದರೆ ರೋಗವನ್ನು ನಾವೇ ಸಾಕಿದಂತಾಗುತ್ತದೆ.

ಕುಡಿ ಮತ್ತೆ ಹಸಿರಾಗಿ ಬಂದ ಮೇಲೆ, ಗಿಡ ಸವರಿ ಹೊಸ ಚಿಗುರು ಒಡೆಯುವಾಗ ಒಮ್ಮೆ, ಆಮೇಲೆ ಪ್ರತಿ ಸಲ ಹೂವಿನ ಸುಗ್ಗಿ ಮುಗಿದಾಗ ಒಮ್ಮೆ ಗೊಬ್ಬರ ಕೊಟ್ಟರೆ ಸಾಕು. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಐದಾರು ಸೆಂಟಿಮೀಟರ್ ದಪ್ಪಕ್ಕೆ, ಕಾಂಡಕ್ಕೆ ತಾಗದಂತೆ ಹರಡಿ, ಜೊತೆಗೆ ಸ್ವಲ್ಪ ಸಲ್ಫೇಟ್ ಆಫ್ ಪೊಟ್ಯಾಷ್ ಕೊಡುವುದು ನನ್ನ ರೂಢಿ. ರಾಸಾಯನಿಕ ಗೊಬ್ಬರ ಯಾವುದೇ ಆಗಲಿ, ಹಿಂದಿನ ದಿನ ಮಣ್ಣನ್ನು ನೆನೆಸದೆ ಹಾಕಬೇಡಿ. ಅವಸರದಲ್ಲಿ ಒಣ ಪಾತಿಗೆ ಹಾಕಿ, ಎರಡು ದಿನದಲ್ಲಿ ಎಲೆಯಂಚುಗಳೆಲ್ಲ ಕರಟಿದ್ದನ್ನು ನಾನು ನೋಡಿದ್ದೇನೆ. ಆ ಗಿಡ ಸುಧಾರಿಸಿಕೊಳ್ಳುವುದಕ್ಕೆ ಒಂದು ಇಡೀ ಹಂಗಾಮು ಹಿಡಿಯಿತು. ಬಾಡಿದ ಹೂವನ್ನು ಕಾಯಿಗಟ್ಟಲು ಬಿಡದೆ, ಕೆಳಗೆ ಸಿಗುವ ಮೊದಲ ಐದೆಲೆಯ ಗರಿಯ ಮೇಲ್ಭಾಗದಲ್ಲಿ, ಹೊರಮುಖವಾದ ಕಣ್ಣಿಗಿಂತ ಅರ್ಧ ಸೆಂಟಿಮೀಟರ್ ಮೇಲಕ್ಕೆ ಕತ್ತರಿಸಿ.

ಕೊನೆಯದಾಗಿ, ಆಳೆತ್ತರ ಬೆಳೆದಿದೆ ಎಂದಿರಲ್ಲ, ಅದು ನನಗೆ ಅನುಮಾನ ಹುಟ್ಟಿಸಿದೆ. ನಿಮ್ಮದು ಕಸಿ ಗಿಡವಾಗಿದ್ದರೆ ಬುಡದ ಮಣ್ಣನ್ನು ತುಸು ಸರಿಸಿ, ಆ ಎತ್ತರದ ಕೊಂಬೆ ಕಸಿಯ ಗಂಟಿನ ಕೆಳಗಿನಿಂದ ಹೊರಟಿದೆಯೇ ನೋಡಿ. ಕೆಳಗಿನಿಂದ ಬಂದಿದ್ದರೆ ಅದು ಕಸಿಗೆ ಬೇರಾಗಿ ಬಳಸಿದ ಕಾಡುಗುಲಾಬಿಯ ಚಿಗುರು. ಗಿಡದ ಸತ್ವವೆಲ್ಲ ಅದಕ್ಕೇ ಹೋಗುತ್ತಿದೆ. ಕತ್ತರಿ ಹಾಕಿದರೆ ಅಲ್ಲೇ ನಾಲ್ಕಾಗಿ ಒಡೆಯುತ್ತದೆ, ಆದ್ದರಿಂದ ದಪ್ಪ ಕೈಗವಸು ಹಾಕಿಕೊಂಡು ಅದು ಹುಟ್ಟಿದ ಜಾಗದಿಂದಲೇ ಕೆಳಮುಖವಾಗಿ ಎಳೆದು ಕಿತ್ತುಬಿಡಿ.