‘ಪ್ರೀತಿ ಗುಣಪಡಿಸಿತು’ ಅಂದರೆ ಸಾಲದು

ನಮಸ್ಕಾರ. ನಿಮ್ಮ ‘ಪ್ರೀತಿಯೇ ಮದ್ದು’ ಲೇಖನ ತಲುಪಿದೆ. ತಾಯಿಯ ಕ್ರೌರ್ಯದಲ್ಲಿ ಬೆಳೆದು, ಈಗ ಮಕ್ಕಳಿಗಾಗಿ ಕಥೆ ಬರೆಯುವ ಕೋ ಮೂನ್-ಯೊಂಗ್, ಮನೋರೋಗ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಮೂನ್ ಗಾಂಗ್-ಟೇಯ ಪ್ರೀತಿಯಿಂದ ಗುಣವಾದಳು ಎಂಬುದು 2020ರ ಕೊರಿಯನ್ ಧಾರಾವಾಹಿ ‘ಇಟ್ಸ್ ಓಕೆ ಟು ನಾಟ್ ಬಿ ಓಕೆ’ಯ ಬಗ್ಗೆ ನಿಮ್ಮ ವಾದ. ಲೇಖನ ಈಗಿರುವ ರೂಪದಲ್ಲಿ ಅಚ್ಚಿಗೆ ಹೋಗುವುದಿಲ್ಲ. ಬರೀ ಬೇಡ ಅನ್ನುವುದಾದರೆ ಎರಡು ಸಾಲು ಸಾಕಿತ್ತು. ಇಷ್ಟುದ್ದ ಬರೆಯುತ್ತಿರುವುದು ನಿಮ್ಮ ಒಂಬತ್ತನೆಯ ಪ್ಯಾರಾದ ದೆಸೆಯಿಂದ. ಅದಕ್ಕೆ ಆಮೇಲೆ ಬರೋಣ.

ಮೊದಲು ಲೆಕ್ಕ. ಲೇಖನದಲ್ಲಿ 2,400 ಪದಗಳಿವೆ. ಅದರಲ್ಲಿ 1,500 ಪದ ಹದಿನಾರು ಕಂತುಗಳ ಕಥೆ ಹೇಳುವುದಕ್ಕೇ ಖರ್ಚಾಗಿದೆ. ನೋಡಿದವರು ಅದನ್ನು ಹಾರಿಸಿ ಓದುತ್ತಾರೆ, ನೋಡದವರು ಎರಡನೇ ಪುಟದಲ್ಲಿ ಕೆಳಗಿಡುತ್ತಾರೆ. ಕಥಾಸಾರ 150 ಪದ ದಾಟಬಾರದು. ಈ ವಾದಕ್ಕೆ ಬೇಕಾದ ಸಂಗತಿಗಳು ಮೂರೇ: ಮೂನ್-ಯೊಂಗ್‌ಳ ತಾಯಿ ಡೋ ಹೀ-ಜೇ ಪ್ರಸಿದ್ಧ ಕಾದಂಬರಿಗಾರ್ತಿ, ಮಗಳನ್ನು ತನ್ನ ಕೃತಿಯೆಂಬಂತೆ ಬೆಳೆಸಿದವಳು; ಗಾಂಗ್-ಟೇ ತನ್ನ ಆಟಿಸಂ ಇರುವ ಅಣ್ಣ ಸಾಂಗ್-ಟೇಯನ್ನು ಕಟ್ಟಿಕೊಂಡು ಊರೂರು ಅಲೆಯುವವನು; ಮೂನ್-ಯೊಂಗ್ ಅವನ ಆಸ್ಪತ್ರೆಗೆ ಕಥೆಯ ಪಾಠ ಮಾಡಲು ಬರುತ್ತಾಳೆ. ಉಳಿದದ್ದು ಬೇಕಾದಾಗ ತಾನಾಗಿ ಬರಲಿ.

ಮೂರನೆಯ ಸಂಗತಿಯನ್ನು ನೀವು ತಪ್ಪಾಗಿ ಬರೆದಿದ್ದೀರಿ. ಅವಳು ಅಲ್ಲಿ ರೋಗಿಯಲ್ಲ, ಅವನು ವೈದ್ಯನೂ ಅಲ್ಲ. ಅವನ ಕೆಲಸಕ್ಕೆ ಕೊರಿಯನ್ನಿನಲ್ಲಿ ‘ಬೊಹೊಸಾ’ ಅನ್ನುತ್ತಾರೆ. ರೋಗಿಗಳ ಜೊತೆಗಿದ್ದು ಊಟ, ಓಡಾಟ, ಗಲಾಟೆ ನೋಡಿಕೊಳ್ಳುವ ವಾರ್ಡ್ ಸಹಾಯಕ. ನೀವು ಅವನನ್ನು ‘ಡಾಕ್ಟರ್’, ಅವಳನ್ನು ‘ಅವನ ಪೇಶೆಂಟ್’ ಮಾಡಿದ ಕೂಡಲೇ ಕಥೆ ಬೇರೆಯೇ ಆಯಿತು. ಚಿಕಿತ್ಸೆ ಕೊಡುವವರು ತಮ್ಮ ರೋಗಿಯನ್ನು ಪ್ರೇಮಿಸುವುದು ವೃತ್ತಿಯ ದೃಷ್ಟಿಯಿಂದ ಗಂಭೀರ ಅಪರಾಧ, ಅದು ನಿಮ್ಮ ವಾದವನ್ನೇ ಮುಳುಗಿಸುತ್ತದೆ.

ಈಗ ಮುಖ್ಯ ತಕರಾರು. ಲೇಖನದಲ್ಲಿ ‘ಪ್ರೀತಿ’ ಪದ 41 ಸಲ ಬಂದಿದೆ. ಆ ಪ್ರೀತಿ ಯಾವ ಹೊತ್ತಿನಲ್ಲಿ ಏನು ಮಾಡಿತು ಎಂಬುದು ಎಲ್ಲೋ ಮೂರು ಕಡೆ ಇದೆ. ಬೇರೆ ವಿಷಯವಾಗಿದ್ದರೆ ಇದನ್ನು ಶೈಲಿಯ ದೋಷ ಅಂದು ಬಿಡಬಹುದಿತ್ತು. ಈ ವಿಷಯದಲ್ಲಿ ಬಿಡಲಾಗದು, ಏಕೆಂದರೆ ಪೆಟ್ಟು ತಿಂದು ಬೆಳೆದ ಮಗುವಿಗೆ ಬಹಳ ಸಲ ಪೆಟ್ಟು ಬಿದ್ದಿರುವುದೇ ಪ್ರೀತಿಯ ಹೆಸರಿನಲ್ಲಿ. ಕೊರಿಯನ್ನಿನಲ್ಲಿ ಅದಕ್ಕೊಂದು ನುಡಿಗಟ್ಟೇ ಇದೆ, ‘ಸರಾಂಗೇ ಮೇ’. ಪ್ರೀತಿಯ ಬೆತ್ತ ಎಂದರ್ಥ. ಮಕ್ಕಳನ್ನು ಶಿಕ್ಷಿಸಿ ತಿದ್ದುವ ಹಕ್ಕು ಹೆತ್ತವರಿಗಿದೆ ಎಂಬ ಕಲಮು 1958ರಲ್ಲಿ ರೂಪುಗೊಂಡ ಅಲ್ಲಿನ ಸಿವಿಲ್ ಸಂಹಿತೆಯಲ್ಲಿ ಇತ್ತು, 915ನೆಯ ಕಲಮು. ಅದನ್ನು ತೆಗೆದದ್ದು 2021ರ ಜನವರಿಯಲ್ಲಿ. ಈ ಧಾರಾವಾಹಿಯ ಕೊನೆಯ ಕಂತು ಬಂದದ್ದು 2020ರ ಆಗಸ್ಟ್ 9ರಂದು. ಅಂದರೆ ಅಲ್ಲಿನ ವೀಕ್ಷಕರು ಮೂನ್-ಯೊಂಗ್‌ಳ ಬಾಲ್ಯವನ್ನು ನೋಡುತ್ತಿದ್ದಾಗ ಬೆತ್ತಕ್ಕೆ ಇನ್ನೂ ಕಾನೂನಿನ ನೆರಳಿತ್ತು. ‘ಪ್ರೀತಿ ಇರೋದಕ್ಕೇ ಹೊಡೆಯೋದು’ ಎಂಬ ಮಾತು ನಮ್ಮ ಓದುಗರ ಮನೆಗಳಿಗೂ ಹೊಸದಲ್ಲ. ಹಾಗಿರುವಾಗ ‘ಪ್ರೀತಿಯೇ ಮದ್ದು’ ಎಂಬ ಶೀರ್ಷಿಕೆ ಓದಿದವರಿಗೆ ‘ಯಾವ ಪ್ರೀತಿ?’ ಎಂಬ ಪ್ರಶ್ನೆ ಮೊದಲು ಏಳುತ್ತದೆ. ನಿಮ್ಮ ಲೇಖನ ಉತ್ತರಿಸಬೇಕಾದ್ದು ಅದಕ್ಕೆ.

ಧಾರಾವಾಹಿ ಈ ವಿಷಯದಲ್ಲಿ ನಿಮಗಿಂತ ಜಾಣ. ಮೂನ್-ಯೊಂಗ್ ‘ಸರಾಂಘೇ’, ನಿನ್ನನ್ನು ಪ್ರೀತಿಸುತ್ತೇನೆ ಎಂದು ಅವನ ಬೆನ್ನ ಹಿಂದೆ ಕಿರುಚುತ್ತಾ ಹೋಗುವ ದೃಶ್ಯ ನೆನಪಿಸಿಕೊಳ್ಳಿ. ಆ ಪದ ಅವಳಿಗೆ ಗೊತ್ತು, ಬೇಕಾದ್ದನ್ನು ಎಳೆದುಕೊಳ್ಳುವ ಗಾಳದ ಹಾಗೆ ಬಳಸುತ್ತಾಳೆ. ಅವನು ನಡೆದುಬಿಡುತ್ತಾನೆ. ನೀವು ಇದನ್ನು ‘ಮುದ್ದಾದ ಪ್ರೇಮನಿವೇದನೆ’ ಅಂದಿದ್ದೀರಿ. ಪದ ಗೊತ್ತಿದ್ದು ಅರ್ಥ ಗೊತ್ತಿಲ್ಲದ ಹೆಣ್ಣೊಬ್ಬಳ ಚಿತ್ರ ಅದು.

ಇನ್ನು ಒಂಬತ್ತನೆಯ ಪ್ಯಾರಾ. ರಾತ್ರಿ ತಾಯಿಯ ದುಃಸ್ವಪ್ನದಿಂದ ಎಚ್ಚೆತ್ತ ಅವಳ ಬಾಯಿ ‘ಹೋಗು’ ಅನ್ನುತ್ತದೆ, ಕೈ ಮಾತ್ರ ಅವನ ಅಂಗಿಯನ್ನು ಬಿಗಿಯಾಗಿ ಹಿಡಿದಿರುತ್ತದೆ ಎಂದು ಬರೆದಿದ್ದೀರಿ. ಇಡೀ ಲೇಖನದಲ್ಲಿ ನೀವು ನಿಜವಾಗಿ ಕಣ್ಣಿಟ್ಟು ನೋಡಿದ್ದು ಇದೊಂದನ್ನೇ. ಆದರೆ ಮರುಸಾಲಿನಲ್ಲೇ ‘ಪ್ರೀತಿಯ ಶಕ್ತಿ ಅಂಥದ್ದು’ ಎಂದು ಬರೆದು ಆ ಕೈಯನ್ನು ಬಿಡಿಸಿಬಿಟ್ಟಿದ್ದೀರಿ. ಆ ಸಾಲು ಹೊಡೆದುಹಾಕಿ, ಅಲ್ಲೇ ನಿಂತು ಮುಂದೆ ಏನೇನಾಯಿತು ನೋಡಿ. ಅವನು ಹೋಗುವುದಿಲ್ಲ. ಅಣ್ಣನ ಕೆಟ್ಟ ಕನಸುಗಳಿಗೆಂದು ತಾನೇ ಹೊಲಿದಿದ್ದ ಗೊಂಬೆ ಮಾಂಗ್-ಟೇಯನ್ನು ಅವಳಿಗೆ ಕೊಡುತ್ತಾನೆ. ಏಳನೆಯ ಕಂತಿನಲ್ಲಿ ಮಕ್ಕಳಿಗಾಗಿ ಅವಳೇ ಬರೆದ ಕಥೆಯೊಂದು ಬರುತ್ತದೆ: ಹಗಲೆಲ್ಲ ಬಾಲ ಆಡಿಸಿಕೊಂಡಿದ್ದು ರಾತ್ರಿ ಗುಟ್ಟಾಗಿ ಅಳುವ ನಾಯಿ. ಹಗ್ಗ ಕಡಿದುಕೊಂಡು ಓಡಬಾರದೇ ಎಂದರೆ, ಬಹಳ ಕಾಲ ಕಟ್ಟಿಹಾಕಿಸಿಕೊಂಡು ಕಡಿಯುವುದೇ ಮರೆತುಹೋಗಿದೆ ಅನ್ನುತ್ತದೆ. ಆ ಕಂತಿನಲ್ಲೇ ಅವಳು ತಾಯಿ ಬಾಚುತ್ತಿದ್ದ ಉದ್ದ ಕೂದಲಿಗೆ ತಾನೇ ಕತ್ತರಿ ಹಾಕುತ್ತಾಳೆ, ಸೊಟ್ಟಸೊಟ್ಟ. ಅವನು ಕತ್ತರಿ ತೆಗೆದುಕೊಂಡು ತುದಿಗಳನ್ನು ಸಮ ಮಾಡುತ್ತಾನೆ.

ಯಾರು ಏನು ಕತ್ತರಿಸಿದರು ಎಂಬುದನ್ನು ಗಮನಿಸಿ. ಹಗ್ಗ ಕಡಿದವಳು ಅವಳು, ಅವನದು ಅಂಚು ಸರಿಮಾಡುವ ಕೆಲಸ ಮಾತ್ರ. ನೀವು ‘ಅವನು ಅವಳ ಕೂದಲು ಕತ್ತರಿಸಿ ಅವಳನ್ನು ತಾಯಿಯಿಂದ ಬಿಡುಗಡೆ ಮಾಡಿದ’ ಎಂದು ಬರೆದಿದ್ದೀರಿ. ಕರ್ತೃಪದ ಒಂದು ಬದಲಾದರೆ ಸಾಕು, ಚೇತರಿಕೆಯ ಕಥೆ ರಾಜಕುಮಾರನ ಕಥೆಯಾಗುತ್ತದೆ. ಈ ವಸ್ತುವಿನ ಮೇಲೆ ಬರುವ ಲೇಖನಗಳು ಜಾರುವುದು ಹೆಚ್ಚಾಗಿ ಇಲ್ಲೇ. ಕರಡು ಮುಗಿದ ಮೇಲೆ ಒಂದು ಕೆಲಸ ಮಾಡಿ: ಗಾಂಗ್-ಟೇ ಕರ್ತೃವಾಗಿರುವ ಕ್ರಿಯಾಪದಗಳಿಗೆ ಕೆಂಪು, ಮೂನ್-ಯೊಂಗ್ ಕರ್ತೃವಾಗಿರುವವಕ್ಕೆ ನೀಲಿ ಗೆರೆ ಎಳೆಯಿರಿ. ಈಗಿನ ಕರಡಿನ ಎರಡನೆಯ ಭಾಗ ಪೂರ್ತಿ ಕೆಂಪಾಗುತ್ತದೆ.

ಚಿಟ್ಟೆ ಅಪ್ಪುಗೆಯಲ್ಲೂ ಇದೇ ತಪ್ಪಾಗಿದೆ. ‘ಅವನು ಅವಳಿಗೆ ಚಿಟ್ಟೆ ಅಪ್ಪುಗೆ ಕೊಟ್ಟ’ ಅಂದಿದ್ದೀರಿ. ಅದು ಇನ್ನೊಬ್ಬರು ಕೊಡುವ ಅಪ್ಪುಗೆಯಲ್ಲ. ತನ್ನ ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡಡ್ಡ ಇಟ್ಟುಕೊಂಡು, ಎಡ ಬಲ ಎಡ ಬಲ ಎಂದು ನಿಧಾನವಾಗಿ ತಟ್ಟಿಕೊಳ್ಳುತ್ತಾ, ಉಸಿರನ್ನು ದೀರ್ಘವಾಗಿ ಎಳೆದು ಬಿಡುವುದು. ಗಾಂಗ್-ಟೇ ಹಿಂದೆ ನಿಂತು ಅವಳ ಕೈಗಳನ್ನು ಅಡ್ಡ ಹಿಡಿಸಿ ತೋರಿಸಿಕೊಡುತ್ತಾನೆ. ತಟ್ಟಬೇಕಾದದ್ದು ಅವಳ ಕೈಗಳೇ. ಇದು ಚಿತ್ರಕಥೆಗಾರರ ಕಲ್ಪನೆಯೂ ಅಲ್ಲ. 1997ರಲ್ಲಿ ಮೆಕ್ಸಿಕೋದ ಅಕಪುಲ್ಕೋಗೆ ಬಡಿದ ಪಾಲಿನ್ ಚಂಡಮಾರುತದಿಂದ ಬದುಕುಳಿದವರ ಜೊತೆ ಕೆಲಸ ಮಾಡುತ್ತಾ ಲೂಸಿನಾ ಆರ್ಟಿಗಾಸ್ 1998ರಲ್ಲಿ ರೂಪಿಸಿದ ವಿಧಾನ. ಆಘಾತಕ್ಕೆ ಕೊಡುವ ಒಂದು ಚಿಕಿತ್ಸೆಯ ಭಾಗವಾಗಿ ಹುಟ್ಟಿದ್ದು. ಆ ಗಳಿಗೆಯ ತಳಮಳವನ್ನು ತಗ್ಗಿಸುತ್ತದೆ; ಹಳೆಯ ಗಾಯವನ್ನು ಅದೊಂದೇ ಮಾಯಿಸುತ್ತದೆ ಎಂದು ಬರೆಯಬೇಡಿ.

ಪ್ರೀತಿಯ ಪಾತ್ರವೇ ಇಲ್ಲ ಎಂದು ಹೇಳುತ್ತಿಲ್ಲ. ಬಾಲ್ಯದಲ್ಲಿ ಭದ್ರವಾದ ಬಾಂಧವ್ಯ ಸಿಗದವರು ದೊಡ್ಡವರಾದ ಮೇಲೆ ಸಂಗಾತಿ, ಶಿಕ್ಷಕರು, ಚಿಕಿತ್ಸಕರು, ಹೀಗೆ ನಂಬಿಕೆಗೆ ಅರ್ಹರಾದ ಯಾರಾದರೊಬ್ಬರ ಮೂಲಕ ಆ ಭದ್ರತೆಯನ್ನು ಗಳಿಸಿಕೊಳ್ಳಬಲ್ಲರು ಎಂದು ಬಾಂಧವ್ಯದ ಬಗ್ಗೆ ಅಧ್ಯಯನ ಮಾಡಿದವರು ಹೇಳುತ್ತಾರೆ. ಆದರೆ ಅದು ಒಂದು ಚುಂಬನದಲ್ಲಿ ಆಗುವುದಿಲ್ಲ. ಹೇಳಿದ ಹೊತ್ತಿಗೆ ಬರುವುದು, ಜಗಳವಾದರೂ ಬಿಟ್ಟುಹೋಗದಿರುವುದು, ಬೇಡ ಅಂದಾಗ ನಿಲ್ಲುವುದು, ತಪ್ಪಾದಾಗ ಒಪ್ಪಿಕೊಳ್ಳುವುದು, ಇವು ನೂರು ಸಲ ಮರುಕಳಿಸಿದ ಮೇಲೆ ಮೈಗೆ ನಂಬಿಕೆ ಬರುತ್ತದೆ. ಮನೋವೈದ್ಯೆ ಜೂಡಿತ್ ಹರ್ಮನ್ ಆಘಾತದಿಂದ ಚೇತರಿಸಿಕೊಳ್ಳುವುದಕ್ಕೆ ಮೂರು ಘಟ್ಟ ಹೇಳಿದ್ದರು: ಮೊದಲು ಸುರಕ್ಷತೆ, ಆಮೇಲೆ ನೆನಪು ಮತ್ತು ಶೋಕ, ಆಮೇಲೆ ಜನರೊಡನೆ ಮತ್ತೆ ಬೆರೆಯುವುದು. ಇದನ್ನು ಲೇಖನದಲ್ಲಿ ವಿವರಿಸುತ್ತಾ ಕೂರಬೇಡಿ. ನೀವು ಆರಿಸಿದ ದೃಶ್ಯ ಯಾವ ಘಟ್ಟದ್ದು ಎಂದು ನಿಮ್ಮ ಟಿಪ್ಪಣಿಯಲ್ಲಿ ಗುರುತು ಹಾಕಿಕೊಳ್ಳಿ. ನಿಮ್ಮ ಆಯ್ಕೆಯಲ್ಲಿ ಎಲ್ಲವೂ ಮೂರನೆಯದೇ.

ಹಿಂದಕ್ಕೆ ಜಾರುವುದನ್ನೂ ಬಿಟ್ಟಿದ್ದೀರಿ. ಗಾಂಗ್-ಟೇಯ ತಾಯಿಯನ್ನು ಕೊಂದದ್ದು ತನ್ನ ತಾಯಿಯೇ ಎಂದು ತಿಳಿದ ಮೇಲೆ ಮೂನ್-ಯೊಂಗ್ ಮತ್ತೆ ಬಾಗಿಲು ಹಾಕಿಕೊಳ್ಳುತ್ತಾಳೆ, ಅಣ್ಣತಮ್ಮ ಇಬ್ಬರನ್ನೂ ದೂರ ತಳ್ಳುತ್ತಾಳೆ. ನಿಮ್ಮ ಲೇಖನದಲ್ಲಿ ಇದು ‘ಕಥೆಯಲ್ಲಿ ಒಂದು ತಿರುವು’ ಮಾತ್ರ. ವಾದಕ್ಕೆ ಅಗ್ನಿಪರೀಕ್ಷೆ ಇರುವುದೇ ಅಲ್ಲಿ.

ಗಾಂಗ್-ಟೇಯ ಬಾಲ್ಯಕ್ಕೆ ನೀವು ಕೊಟ್ಟಿರುವುದು ಒಂದೇ ವಾಕ್ಯ, ‘ತ್ಯಾಗಮಯಿ ತಮ್ಮ’. ಅಣ್ಣನನ್ನು ನೋಡಿಕೊಳ್ಳಲೆಂದೇ ನಿನ್ನನ್ನು ಹೆತ್ತೆ ಎಂದು ತಾಯಿಯಿಂದ ಕೇಳಿಸಿಕೊಂಡ ಹುಡುಗ ಅವನು. ಅವನ ಮೈಮೇಲೆ ಬಾಸುಂಡೆ ಇಲ್ಲ, ಆದರೆ ಅವನದೂ ಗಾಯವೇ. ಅವನನ್ನು ಮದ್ದಿನ ಬಾಟಲಿಯನ್ನಾಗಿ ಮಾಡಬೇಡಿ. ತಾನು ಅಣ್ಣನ ಆಸ್ತಿ ಎಂದುಕೊಂಡು ಬದುಕಿದವನಿಗೆ, ನೀನು ನಿನ್ನವನೇ ಎಂದು ಕೊನೆಗೆ ಸಾಂಗ್-ಟೇಯೇ ಹೇಳುತ್ತಾನೆ. ಆ ಬಿಡುಗಡೆ ಪ್ರೇಯಸಿಯಿಂದ ಬಂದದ್ದಲ್ಲ. ತಾಯಿಯ ಕೊಲೆ ಕಂಡಂದಿನಿಂದ ಸಾಂಗ್-ಟೇಗೆ ಅಂಟಿದ ಚಿಟ್ಟೆಯ ಭಯ ನೀಗುವುದೂ ಪ್ರಣಯದಿಂದಲ್ಲ. ಆಸ್ಪತ್ರೆಯ ನಿರ್ದೇಶಕ ಓ ಜೀ-ವಾಂಗ್ ಗೋಡೆಯ ಮೇಲೆ ಚಿತ್ರ ಬರೆಯುವ ಕೆಲಸ ಕೊಟ್ಟು ಕಾಯುವುದರಿಂದ. ಪ್ರಣಯವೊಂದೇ ಕೀಲಿ ಎಂಬ ನಿಮ್ಮ ಮಾತಿಗೆ ಧಾರಾವಾಹಿಯೇ ಎದುರು ಸಾಕ್ಷಿ ಹೇಳುತ್ತಿದೆ.

ಅಂದಹಾಗೆ, ನಿಮ್ಮ ಮೆಚ್ಚುಗೆ ಸ್ವಲ್ಪ ಕುರುಡು. ಕೊನೆಯ ಕಂತುಗಳಲ್ಲಿ ಮೂನ್-ಯೊಂಗ್‌ಳ ತಾಯಿ ಮುಖ್ಯ ನರ್ಸಿನ ವೇಷದಲ್ಲಿ ಪ್ರತ್ಯಕ್ಷಳಾಗುವುದು ರೋಚಕ, ಆದರೆ ಅದರಿಂದ ನಷ್ಟವೂ ಇದೆ. ಮಕ್ಕಳನ್ನು ಹಿಂಸಿಸುವವರು ಸಾಮಾನ್ಯವಾಗಿ ಸೂಜಿ ಹಿಡಿದ ಖಳನಾಯಕಿಯರಾಗಿರುವುದಿಲ್ಲ, ಮದುವೆ ಮುಂಜಿಗೆ ಬಂದು ನಗುನಗುತ್ತಾ ಮಾತಾಡುವವರೇ ಆಗಿರುತ್ತಾರೆ. ತಾಯಿಯನ್ನು ರಾಕ್ಷಸಿ ಮಾಡಿದ್ದರಿಂದ ಮಗಳಿಗೆ ಅವಳನ್ನು ತೊರೆಯುವುದು ಸುಲಭವಾಯಿತೇ? ಇದನ್ನು ಒಂದು ಪ್ಯಾರಾದಲ್ಲಿ ಕೇಳಿ.

ಬೇರೆ ತಪ್ಪುಗಳನ್ನು ಬೇಗ ಹೇಳಿಬಿಡುತ್ತೇವೆ. ‘ಮೂನ್’ ಎಂದು ಇಬ್ಬರನ್ನೂ ಕರೆದಿದ್ದೀರಿ. ಗಾಂಗ್-ಟೇಗೆ ಅದು ಮನೆತನದ ಹೆಸರು, ಅವಳಿಗೆ ಇಟ್ಟ ಹೆಸರಿನ ಅರ್ಧ, ಅವಳ ಮನೆತನ ‘ಕೋ’. ಗಾಂಗ್-ಟೇ ಅಣ್ಣನನ್ನು ‘ಓಪ್ಪಾ’ ಅನ್ನುವುದಿಲ್ಲ, ಅದು ಹೆಂಗಸರು ಹೇಳುವುದು. ಗಂಡಸು ಅಣ್ಣನಿಗೆ ಹೇಳುವುದು ‘ಹ್ಯೊಂಗ್’. ಕನ್ನಡದ ‘ಅಣ್ಣ’ ಇರುವಾಗ ಎರಡೂ ಬೇಡ. ‘ಆಟಿಸಂನಿಂದ ಬಳಲುತ್ತಿರುವ’ ತೆಗೆದು ‘ಆಟಿಸಂ ಇರುವ’ ಎಂದು ಹಾಕಿ. ‘ಹುಚ್ಚಾಸ್ಪತ್ರೆ’ ನಮ್ಮಲ್ಲಿ ಅಚ್ಚಾಗುವುದಿಲ್ಲ. ಅವಳನ್ನು ‘ಸೈಕೋಪಾತ್’ ಎಂದು ನೀವೇ ತೀರ್ಪು ಕೊಡಬೇಡಿ. ಆ ಪದಕ್ಕೆ ಹತ್ತಿರದ, ‘ಸಮಾಜವಿರೋಧಿ ವ್ಯಕ್ತಿತ್ವ’ ಎಂಬ ರೋಗನಿರ್ಣಯಕ್ಕೇ 18 ವರ್ಷ ತುಂಬಿರಬೇಕು, 15ಕ್ಕೆ ಮೊದಲೇ ನಡವಳಿಕೆಯ ತೊಂದರೆ ಇತ್ತೆಂಬ ಆಧಾರ ಬೇಕು, ಅದು ವೈದ್ಯರ ಕೆಲಸ. ಕೊರಿಯನ್ ಶೀರ್ಷಿಕೆಯ ಅರ್ಥವೇ ‘ಸೈಕೋ ಆದರೂ ಪರವಾಗಿಲ್ಲ’ ಎಂದು. ಆ ಪದವನ್ನು ಧಾರಾವಾಹಿ ಬೇಕೆಂದೇ ಕೆಣಕುತ್ತಿದೆ, ನೀವು ಅದನ್ನೇ ಮುದ್ರೆ ಒತ್ತಿದ್ದೀರಿ.

ಕೊನೆಯ ಸಾಲಿನ ಬಗ್ಗೆ ಸ್ವಲ್ಪ ಕಟುವಾಗಿ ಹೇಳಬೇಕು. ‘ನಿಜವಾದ ಪ್ರೀತಿ ಸಿಕ್ಕರೆ ಯಾವ ಗಾಯವೂ ಮಾಯುತ್ತದೆ’ ಅಂದಿದ್ದೀರಿ. ಹೊಡೆಯುವ ಗಂಡನ ಜೊತೆ ಬಾಳುತ್ತಾ, ಪಾಪ ಅವನ ಬಾಲ್ಯವೇ ಹಾಗಿತ್ತು, ನಾನು ಇನ್ನಷ್ಟು ಪ್ರೀತಿಸಿದರೆ ಸರಿಹೋಗುತ್ತಾನೆ ಎಂದುಕೊಂಡಿರುವ ಹೆಂಗಸು ಇದನ್ನು ಓದುತ್ತಾಳೆ. ಮೊದಲ ಕಂತಿನಲ್ಲಿ ಮೂನ್-ಯೊಂಗ್ ಬೀಸಿದ ಚಾಕುವನ್ನು ಗಾಂಗ್-ಟೇ ಅಂಗೈಯಲ್ಲಿ ತಡೆಯುವುದನ್ನು ನೀವು ‘ಪ್ರೀತಿಯ ಮೊದಲ ಸ್ಪರ್ಶ’ ಅಂದಿದ್ದೀರಿ. ರಕ್ತ ಬಂದಿದೆ. ಪರದೆಯ ಮೇಲೆ ಚೆಂದ ಕಾಣುವುದನ್ನು ಮನೆಗೆ ಸಲಹೆಯಾಗಿ ಕಳಿಸಬೇಡಿ. ಆ ಸಾಲು ಹೋಗಲೇಬೇಕು, ಬದಲಿಗೆ ಇನ್ನೊಂದು ನೀತಿವಾಕ್ಯವೂ ಬೇಡ. ಲೇಖನದ ಕೆಳಗೆ ಬೇರೆ ಚೌಕದಲ್ಲಿ ಟೆಲಿ ಮಾನಸ್ ಸಹಾಯವಾಣಿ 14416 ಮತ್ತು ಮಕ್ಕಳ ಸಹಾಯವಾಣಿ 1098 ನಾವೇ ಹಾಕುತ್ತೇವೆ.

ಮರಳಿ ಬರೆಯುವುದಾದರೆ 1,200 ಪದ, ಮೂರೇ ದೃಶ್ಯ: ಅಂಗಿ ಹಿಡಿದ ಕೈ, ಕತ್ತರಿ, ಹಾಕಿಕೊಂಡ ಬಾಗಿಲು. ಕತ್ತರಿಯಿಂದ ಶುರುಮಾಡಿ. ‘ಪ್ರೀತಿ’ ಪದಕ್ಕೆ ಐದು ಸಲದ ಮಿತಿ. ಮೂರು ವಾರ ಸಮಯ ತೆಗೆದುಕೊಳ್ಳಿ, ಆ ಮೂರು ಕಂತುಗಳನ್ನು ಧ್ವನಿ ನಿಲ್ಲಿಸಿ ಒಮ್ಮೆ ನೋಡಿ, ಕೈಗಳನ್ನಷ್ಟೇ ಗಮನಿಸಿ. ಕರಡು ಯೂನಿಕೋಡ್‌ನಲ್ಲಿ ಬರಲಿ. ಈ ಸಲದ ಹಳೆಯ ಫಾಂಟಿನ ಫೈಲು ಇಲ್ಲಿ ತೆರೆಯುವಷ್ಟರಲ್ಲಿ ಒತ್ತಕ್ಷರಗಳು ಉದುರಿ, ‘ಗಾಯ ಮಾಯ್ತು’ ಅನ್ನುವುದು ಎಲ್ಲ ಕಡೆ ‘ಗಾಯ ಮಾಯು’ ಆಗಿದೆ.