ಸಣ್ಣಪುಟ್ಟ ಕಾಯಿಲೆಗೆ ಹತ್ತಿರದ ಮೆಡಿಕಲ್ ಶಾಪಿಗೆ ಹೋದರೆ ಸಾಕಾ?

ಕೆಲವಕ್ಕೆ ಸಾಕು. ಭೇದಿಗೆ ಓಆರ್‌ಎಸ್, ಮಾಮೂಲಿ ಜ್ವರಕ್ಕೆ ಪ್ಯಾರಸಿಟಮಾಲ್, ಸಣ್ಣ ಗಾಯಕ್ಕೆ ಬ್ಯಾಂಡೇಜು ಅಲ್ಲೇ ಸಿಗುತ್ತವೆ. ಆದರೆ ಸಲಹೆ ಕೇಳುವುದು ಯಾರನ್ನು ಅನ್ನೋದು ಮುಖ್ಯ. ಕೌಂಟರಿನಲ್ಲಿ ನಿಂತವರೆಲ್ಲ ಔಷಧಿಶಾಸ್ತ್ರ ಓದಿದ ಫಾರ್ಮಸಿಸ್ಟ್ ಅಲ್ಲ. 1948ರ ಫಾರ್ಮಸಿ ಕಾಯ್ದೆ ಪ್ರಕಾರ, ಡಾಕ್ಟರ್ ಚೀಟಿಯ ಔಷಧಿ ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟ್. ಅವರನ್ನೇ ಕರೆಸಿ. ನೀವು ಈಗಾಗಲೇ ನುಂಗುತ್ತಿರುವ ಬಿಪಿ, ಶುಗರ್ ಮಾತ್ರೆಗಳ ಹೆಸರು ಹೇಳಿ, ಹೊಸ ಮಾತ್ರೆ ಅವುಗಳ ಜೊತೆ ಹೊಂದುತ್ತದೆಯಾ ಎಂದು ಕೇಳಿ. ನಮ್ಮಲ್ಲಿ ಈ ಪ್ರಶ್ನೆ ಕೇಳುವವರೇ ಕಡಿಮೆ, ಅದೇ ನನಗೆ ಬೇಸರ.

ಆ್ಯಂಟಿಬಯೋಟಿಕ್ ಮಾತ್ರ ಸುಮ್ನೆ ಕೇಳಿ ತರಬೇಡಿ. ಮಾತ್ರೆಯ ಸ್ಟ್ರಿಪ್ ಮೇಲೆ ಕೆಂಪು ಗೆರೆ ಇದ್ದರೆ ಚೀಟಿ ಬೇಕೇ ಬೇಕು. ಉಸಿರಾಟಕ್ಕೆ ತೊಂದರೆ, ಎದೆನೋವು ಅಂದರೆ ಶಾಪಿಗಲ್ಲ, ನೇರ ಆಸ್ಪತ್ರೆಗೆ ಹೋಗಿ.