ಓದುಗರ ಪ್ರಶ್ನೋತ್ತರ: ಹಳೆಯ ಮೌಂಟನ್ ಬೈಕಿನ ದುರಸ್ತಿ ಮತ್ತು ಸವಾರಿ

ಎಂಬತ್ತು ಹಾಗೂ ತೊಂಬತ್ತರ ದಶಕಗಳ ಮೌಂಟನ್ ಬೈಕುಗಳನ್ನು ಸರಿಪಡಿಸಿ ಮತ್ತೆ ಓಡಿಸುವ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಲಾಗಿದೆ. ಸೈಕಲ್ಲನ್ನು ಗೋಡೆಗೆ ತೂಗುಹಾಕಿ ನೋಡಿ ಸಂತೋಷಪಡುವವರಿಗಿಂತ, ಅದನ್ನೇರಿ ಗುಡ್ಡ ಹತ್ತಿ ಇಳಿಯಬೇಕೆನ್ನುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಪ್ರಶ್ನೆ: ಚಿಕ್ಕಪ್ಪನವರು ಬಳಸಿ ಬಿಟ್ಟ ಮೌಂಟನ್ ಬೈಕ್ ಒಂದು ನನ್ನ ಪಾಲಿಗೆ ಬಂದಿದೆ. ಫ್ರೇಮಿನ ಮೇಲಿನ ಹೆಸರು, ಸ್ಟಿಕ್ಕರು ಎಲ್ಲವೂ ಅಳಿಸಿಹೋಗಿವೆ. ಇದು ಯಾವ ವರ್ಷದ್ದೆಂದು ತಿಳಿಯುವುದು ಹೇಗೆ?

ಉತ್ತರ: ಫ್ರೇಮು ಹೇಳದಿದ್ದರೂ ಅದಕ್ಕೆ ಜೋಡಿಸಿದ ಭಾಗಗಳು ಹೇಳುತ್ತವೆ. ಸೈಕಲ್ ಭಾಗಗಳನ್ನು ತಯಾರಿಸುವ ಶಿಮಾನೊ ಕಂಪನಿಯು ಕ್ರ್ಯಾಂಕಿನ (ಪೆಡಲು ಕೂರುವ ತೋಳಿನ) ಒಳಮೈ, ಗೇರು ಬದಲಿಸಲು ಚೈನನ್ನು ಸರಿಸುವ ಡಿರೇಲರಿನ ಹಿಂಬದಿ, ಬ್ರೇಕ್ ತೋಳಿನ ಒಳಬದಿ ಇಂಥ ಮರೆಯ ಜಾಗಗಳಲ್ಲಿ ಎರಡು ಇಂಗ್ಲಿಷ್ ಅಕ್ಷರಗಳನ್ನು ಸಣ್ಣದಾಗಿ ಒತ್ತುತ್ತಿತ್ತು. ಮೊದಲ ಅಕ್ಷರ ತಯಾರಾದ ವರ್ಷವನ್ನು ಸೂಚಿಸುತ್ತದೆ. 1976ಕ್ಕೆ ‘ಎ’ ಎಂದು ಆರಂಭವಾಗಿ 2001ಕ್ಕೆ ‘ಝಡ್’ ತಲುಪುತ್ತದೆ. ಎರಡನೆಯದು ತಿಂಗಳು, ಜನವರಿಗೆ ‘ಎ’, ಡಿಸೆಂಬರಿಗೆ ‘ಎಲ್’. ಹಾಗಾಗಿ ‘ಒ ಸಿ’ ಎಂದು ಕಂಡರೆ ಅದು 1990ರ ಮಾರ್ಚ್ ತಿಂಗಳಿನ ತಯಾರಿಕೆ. ಒಂದೇ ಭಾಗವನ್ನು ನೋಡಿ ತೀರ್ಮಾನಕ್ಕೆ ಬರಬೇಡಿ, ಏಕೆಂದರೆ ನಡುವೆ ಯಾರಾದರೂ ಅದನ್ನು ಬದಲಾಯಿಸಿರಬಹುದು. ನಾಲ್ಕೈದು ಭಾಗಗಳು ಒಂದೇ ವರ್ಷವನ್ನು ಹೇಳಿದರೆ ನಿಮ್ಮ ಸೈಕಲ್ ಆ ವರ್ಷದ್ದು ಅಥವಾ ಅದರ ಮರುವರ್ಷದ್ದು.

ಅಕ್ಷರಗಳು ಸವೆದಿದ್ದರೆ ರಚನೆಯನ್ನು ಗಮನಿಸಿ. ಗುಡ್ಡದ ಹಾದಿಗೆಂದೇ ಜೋ ಬ್ರೀಜ್ ಕ್ಯಾಲಿಫೋರ್ನಿಯಾದಲ್ಲಿ ಫ್ರೇಮು ಕಟ್ಟಿದ್ದು 1977ರಲ್ಲಾದರೂ, ಇಂಥ ಸೈಕಲ್ಲುಗಳು ಅಂಗಡಿಗಳಿಗೆ ದೊಡ್ಡ ಸಂಖ್ಯೆಯಲ್ಲಿ ಬರತೊಡಗಿದ್ದು 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ಬಂದ ಮೇಲೆ. ಹಿಂದಿನ ಬ್ರೇಕು ಪೆಡಲುಗಳ ಸಮೀಪ, ಅಲ್ಲಿಂದ ಹಿಂಚಕ್ರಕ್ಕೆ ಹೋಗುವ ಚೈನ್‌ಸ್ಟೇ ಕೊಳವೆಗಳ ಅಡಿಯಲ್ಲಿ ಅಡಗಿದ್ದರೆ ಅದು ಎಂಬತ್ತರ ದಶಕದ ಉತ್ತರಾರ್ಧದ ಫ್ರೇಮು. ಕೆಸರನ್ನೆಲ್ಲ ಬಾಚಿಕೊಳ್ಳುತ್ತಿದ್ದ ಆ ಏರ್ಪಾಡನ್ನು ತಯಾರಕರು ಬೇಗನೆ ಕೈಬಿಟ್ಟರು. ಎರಡು ಉದ್ದ ತೋಳುಗಳ ತುದಿಯನ್ನು ಕೇಬಲ್ ಅಡ್ಡಲಾಗಿ ಎಳೆಯುವ ವಿ-ಬ್ರೇಕ್ ಮೂಲದಿಂದಲೇ ಇದ್ದರೆ ನಿಮ್ಮದು 1996ರ ಸುಮಾರಿನದು ಅಥವಾ ಅದಕ್ಕಿಂತ ಈಚಿನದು.

ಪ್ರಶ್ನೆ: ಮೊದಲು ಬಣ್ಣ ತೆಗೆಸಿ ಹೊಸದಾಗಿ ಬಳಿಸಿ, ಆಮೇಲೆ ಉಳಿದ ಕೆಲಸ ಮಾಡಿಸಬಹುದೇ?

ಉತ್ತರ: ದಯವಿಟ್ಟು ಬೇಡ. ಬಣ್ಣ ಕೊನೆಯ ಕೆಲಸ, ಎಷ್ಟೋ ಸಲ ಅನಗತ್ಯವಾದ ಕೆಲಸ. ಹಳೆಯ ಬಣ್ಣದ ಗೀರುಗಳಿಗಾಗಿ ನಾಚಿಕೊಳ್ಳಬೇಕಾದ್ದೇನೂ ಇಲ್ಲ, ಮತ್ತು ಒಮ್ಮೆ ತೆಗೆಸಿದ ಮೂಲ ಬಣ್ಣವನ್ನು ಮರಳಿ ತರಲಾಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಬಿರುಕುಗಳು ಹಳೆಯ ಬಣ್ಣದ ಮೇಲೆಯೇ ಸ್ಪಷ್ಟವಾಗಿ ಕಾಣುತ್ತವೆ. ದಪ್ಪನೆಯ ಹೊಸ ಬಣ್ಣ ಅವನ್ನು ಮುಚ್ಚಿಬಿಡುತ್ತದೆ. ಆದ್ದರಿಂದ ಫ್ರೇಮನ್ನು ಸೋಪುನೀರಿನಲ್ಲಿ ತೊಳೆದು ಒರೆಸಿ, ಹಗಲು ಬೆಳಕಿನಲ್ಲಿ ಬೆಸುಗೆಯ ಒಂದೊಂದು ಜಾಗವನ್ನೂ ಬಿಡುವಾಗಿ ನೋಡಿ. ಫೋರ್ಕು ತೂರುವ ಮುಂದಿನ ಹೆಡ್‌ಟ್ಯೂಬಿಗೆ ಕೆಳಗಿನ ಕೊಳವೆ ಕೂಡುವಲ್ಲಿ ಅಡಿಭಾಗ, ಸೀಟಿನ ಕ್ಲಾಂಪಿನ ಕೆಳಗೆ, ಹಿಂಚಕ್ರದ ಆಕ್ಸಲ್ ಕೂರುವ ಡ್ರಾಪ್‌ಔಟಿನ ಬುಡ, ಇವು ಬಿರುಕು ಬಿಡುವ ಸ್ಥಳಗಳು. ಬಣ್ಣದಲ್ಲಿ ಕೂದಲೆಳೆಯಷ್ಟು ಗೆರೆಯಿದ್ದು, ಅದರ ಅಂಚಿನಲ್ಲಿ ತುಕ್ಕಿನ ಕಂದು ಇಣುಕುತ್ತಿದ್ದರೆ ಅದು ಬರಿಯ ಗೀರಲ್ಲವೆಂದು ಸಂಶಯಪಡಬೇಕು. ಉಕ್ಕಿನ ಫ್ರೇಮನ್ನು ನುರಿತವರು ಬೆಸೆದು ಉಳಿಸಬಲ್ಲರು. ಬಿರುಕು ಬಿಟ್ಟ ಅಲ್ಯೂಮಿನಿಯಂ ಫ್ರೇಮನ್ನು ಮಾತ್ರ ಸವಾರಿಯಿಂದ ನಿವೃತ್ತಿಗೊಳಿಸುವುದೇ ಸರಿ.

ಫ್ರೇಮು ಗಟ್ಟಿಯಿದ್ದರೂ ಒಂದು ವಸ್ತುವಿನ ವಿಷಯದಲ್ಲಿ ನಾನು ರಾಜಿಗೆ ಒಪ್ಪುವುದಿಲ್ಲ. ಅದು ಹಳೆಯ ಅಲ್ಯೂಮಿನಿಯಂ ಹ್ಯಾಂಡಲ್‌ಬಾರ್. ಎಷ್ಟು ವರ್ಷ, ಎಂಥ ಹಾದಿಯಲ್ಲಿ, ಎಷ್ಟು ಬೀಳುವಿಕೆಗಳನ್ನು ಕಂಡಿದೆಯೆಂಬುದು ಗೊತ್ತಿಲ್ಲದ ಬಾರು ಮುನ್ಸೂಚನೆ ಕೊಡದೆ ಮುರಿಯಬಹುದು, ಮತ್ತು ಅದು ಮುರಿಯುವುದು ನಿಮ್ಮ ಪೂರ್ತಿ ಭಾರ ಅದರ ಮೇಲಿರುವ ಇಳಿಜಾರಿನಲ್ಲಿ. ಮೂಲದ್ದನ್ನು ನೆನಪಿಗೆ ಎತ್ತಿಟ್ಟು, ಅದೇ ಅಗಲದ ಹೊಸದನ್ನು ಹಾಕಿಕೊಳ್ಳಿ.

ಪ್ರಶ್ನೆ: ಸೀಟಿನ ಕಂಬ ಫ್ರೇಮಿನೊಳಗೆ ಕಚ್ಚಿಕೊಂಡುಬಿಟ್ಟಿದೆ. ಬೆಂಕಿಯಿಂದ ಕಾಯಿಸಿ ತೆಗೆಯಿರಿ ಎಂದು ಒಬ್ಬರು ಸಲಹೆ ಕೊಟ್ಟಿದ್ದಾರೆ. ಹಾಗೆ ಮಾಡಬಹುದೇ?

ಉತ್ತರ: ನಿಮ್ಮ ಫ್ರೇಮು ಉಕ್ಕಿನದು, ಕಂಬ ಅಲ್ಯೂಮಿನಿಯಮ್ಮಿನದು ಎಂದು ಬರೆದಿದ್ದೀರಿ. ಈ ಎರಡು ಲೋಹಗಳ ನಡುವೆ ಬೆವರೋ ಮಳೆನೀರೋ ಇಳಿದರೆ ಅಲ್ಲೊಂದು ವಿದ್ಯುತ್‌ಕೋಶದಂಥ ಏರ್ಪಾಡು ಉಂಟಾಗಿ ಅಲ್ಯೂಮಿನಿಯಂ ಕೊರೆಯುತ್ತಾ ಹೋಗುತ್ತದೆ. ಹಾಗೆ ಹುಟ್ಟುವ ಬಿಳಿಯ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕಂಬವನ್ನು ಬೆಣೆ ಹೊಡೆದಂತೆ ಬಿಗಿಯುತ್ತದೆ. ಕಾಯಿಸುವ ಸಲಹೆ ಇಲ್ಲಿ ಕೆಲಸ ಕೆಡಿಸಬಹುದು, ಏಕೆಂದರೆ ಒಂದೇ ಪ್ರಮಾಣದ ಶಾಖಕ್ಕೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಶಾಖ ಒಳಗಿನ ಕಂಬಕ್ಕೂ ತಲುಪಿದರೆ ಅದು ಇನ್ನಷ್ಟು ಬಿಗಿಯಾಗುತ್ತದೆ, ಜೊತೆಗೆ ಬಣ್ಣವೂ ಸುಡುತ್ತದೆ. ಬೇಕಾಗಿರುವುದು ತಂಪು.

ಮೊದಲು ಕ್ಲಾಂಪಿನ ಬೋಲ್ಟನ್ನು ಪೂರ್ತಿ ತೆಗೆದು, ಕಂಬದ ಸುತ್ತ ತುಕ್ಕು ಸಡಿಲಿಸುವ ತೆಳು ಎಣ್ಣೆಯನ್ನು ಬಿಡಿ. ಕ್ರ್ಯಾಂಕಿನ ಆಕ್ಸಲ್ ಇರುವ ಬಾಟಮ್ ಬ್ರಾಕೆಟ್ಟನ್ನು ಬಿಚ್ಚಿದ್ದರೆ ಸೈಕಲ್ಲನ್ನು ತಲೆಕೆಳಗು ಮಾಡಿ, ಆ ಕಡೆಯಿಂದಲೂ ಸೀಟಿನ ಕೊಳವೆಯೊಳಗೆ ಎಣ್ಣೆ ಇಳಿಸಿ. ಕಂಬ ಕೆಳತುದಿಯವರೆಗೂ ಕಚ್ಚಿಕೊಂಡಿರಬಹುದು, ಮೇಲಿನಿಂದ ಬಿಟ್ಟ ಎಣ್ಣೆ ಅಲ್ಲಿಯವರೆಗೆ ಇಳಿಯುವುದು ಅಪರೂಪ. ದಿನಕ್ಕೊಮ್ಮೆ ಎಣ್ಣೆ ಬಿಡುತ್ತಾ ಒಂದು ವಾರವಾದರೂ ಕಾಯಿರಿ. ಆಮೇಲೆ ಹಳೆಯ ಸೀಟನ್ನು ಕಳಚಿ, ಕಂಬದ ತಲೆಯನ್ನು ಕೆಲಸದ ಮೇಜಿಗೆ ಬಿಗಿದ ವೈಸಿನಲ್ಲಿ ಕಚ್ಚಿಸಿ, ಫ್ರೇಮನ್ನೇ ಉದ್ದನೆಯ ಸನ್ನೆಗೋಲಿನಂತೆ ಹಿಡಿದು ಅತ್ತಿತ್ತ ತಿರುಗಿಸಿ. ಹಾಗೆ ಮಾಡುವ ಮೊದಲು ಕಂಬದ ಹೊರಗಿನ ಭಾಗಕ್ಕೆ ಹಿಮಗಡ್ಡೆಯ ಚೀಲ ಕಟ್ಟಿ ತಣ್ಣಗಾಗಿಸಿದರೆ ಅದು ಸ್ವಲ್ಪವಾದರೂ ಕುಗ್ಗುತ್ತದೆ. ಮೊದಲ ಚಲನೆ ‘ಟಿಕ್’ ಎಂಬ ಸಣ್ಣ ಸದ್ದಿನೊಂದಿಗೆ ಬರುತ್ತದೆ. ಆ ಸದ್ದು ಕೇಳಿಸಿದ ಮೇಲೆ ಅವಸರ ಬೇಡ. ಎಣ್ಣೆ ಬಿಟ್ಟು, ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ಎಣ್ಣೆ ಬಿಡಿ. ಫ್ರೇಮಿನ ತೆಳು ಕೊಳವೆ ಬಳುಕುತ್ತಿದೆಯೆನಿಸಿದರೆ ಕೂಡಲೇ ನಿಲ್ಲಿಸಿ. ಕಾಸ್ಟಿಕ್ ಸೋಡಾ ಹಾಕಿ ಕಂಬವನ್ನು ಕರಗಿಸುವವರೂ ಇದ್ದಾರೆ. ಅದು ಚರ್ಮವನ್ನೂ ಕಣ್ಣನ್ನೂ ಸುಡುವ ರಾಸಾಯನಿಕ, ಕ್ರಿಯೆಯಲ್ಲಿ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲ ಹೊರಬರುತ್ತದೆ, ಅಲ್ಯೂಮಿನಿಯಂ ಫ್ರೇಮಾದರೆ ಫ್ರೇಮೇ ಕರಗುತ್ತದೆ. ಅದನ್ನು ಅನುಭವಿ ಕೆಲಸಗಾರರಿಗೆ ಬಿಡಿ.

ಕಂಬ ಹೊರಬಂದ ಮೇಲೆ ಅದರ ಮೇಲೆ ಒತ್ತಿರುವ ಅಳತೆಯನ್ನು ಓದಿಟ್ಟುಕೊಳ್ಳಿ. ಆ ಕಾಲದ ಫ್ರೇಮುಗಳಲ್ಲಿ 26.4, 26.6, 26.8, 27.2 ಮಿ.ಮೀ. ಹೀಗೆ ಹಲವು ಬಗೆಯ ಅಳತೆಗಳಿದ್ದವು. 0.2 ಮಿ.ಮೀ. ಸಣ್ಣದಾದ ಕಂಬವನ್ನು ಬೋಲ್ಟಿನ ಬಲದಿಂದ ಬಿಗಿಯಲು ಹೋದರೆ ಬೋಲ್ಟು ಹಾಯುವ ಫ್ರೇಮಿನ ಕಿವಿಗಳು ಬಾಗುತ್ತವೆ. ಕೊಳವೆಯ ಒಳಗನ್ನು ಉಜ್ಜಿ ಶುಚಿಮಾಡಿ, ಗ್ರೀಸು ಸವರಿಯೇ ಹೊಸ ಕಂಬವನ್ನು ಇಳಿಸಿ.

ಪ್ರಶ್ನೆ: ಬಾಟಮ್ ಬ್ರಾಕೆಟ್ಟಿನ ಬಲಬದಿಯ ಕಪ್ (ಗುಂಡುಗಳನ್ನು ಹಿಡಿದಿಡುವ ಬಟ್ಟಲು) ಎಷ್ಟು ತಿರುಗಿಸಿದರೂ ಬಿಚ್ಚುತ್ತಿಲ್ಲ.

ಉತ್ತರ: ಬಹುಶಃ ನೀವು ಅದನ್ನು ಬಿಗಿಯುತ್ತಿದ್ದೀರಿ. ಈ ಸೈಕಲ್ಲುಗಳಲ್ಲಿ ಹೆಚ್ಚಿನವಕ್ಕೆ ಇಂಗ್ಲಿಷ್ ಮಾದರಿಯ ತಿರುಪು ಇರುತ್ತದೆ. ಅದರಲ್ಲಿ ಚೈನಿರುವ ಬಲಬದಿಯ ತಿರುಪು ಉಲ್ಟಾ, ಆದ್ದರಿಂದ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗಿಸಿ ಬಿಚ್ಚಬೇಕು. ಎಡ ಪೆಡಲಿನದೂ ಹೀಗೆಯೇ. ಬಿಚ್ಚಿದಾಗ ಗುಂಡುಗಳು ಉರುಳಿಹೋದರೆ ಗಾಬರಿ ಬೇಡ: ಬಿಡಿ ಗುಂಡುಗಳಾದರೆ ಬಾಟಮ್ ಬ್ರಾಕೆಟ್ಟಿಗೆ ಬದಿಗೆ 11ರಂತೆ ಕಾಲು ಇಂಚಿನವು, ಹಿಂಚಕ್ರದ ನಡುವಿನ ಹಬ್ಬಿಗೆ ಬದಿಗೆ 9ರಂತೆ ಅದೇ ಗಾತ್ರದವು, ಮುಂದಿನ ಹಬ್ಬಿಗೆ ಬದಿಗೆ 10ರಂತೆ 3/16 ಇಂಚಿನವು ಸಾಮಾನ್ಯವಾಗಿ ಬೇಕಾಗುತ್ತವೆ. ಹಳೆಯವನ್ನು ತೊಳೆದು ಹಾಕುವ ಬದಲು ಹೊಸವನ್ನೇ ಹಾಕಿ.

ಪ್ರಶ್ನೆ: 26 ಇಂಚಿನ ಟಯರನ್ನೇ ತಂದರೂ ನನ್ನ ಚಕ್ರಕ್ಕೆ ಕೂರುತ್ತಿಲ್ಲವೇಕೆ?

ಉತ್ತರ: 26 ಇಂಚು ಎಂಬ ಹೆಸರಿನಲ್ಲಿ ಬೇರೆ ಬೇರೆ ಅಳತೆಗಳು ಮಾರಾಟವಾಗುತ್ತವೆ. ಹಳೆಯ ಮೌಂಟನ್ ಬೈಕಿನ ರಿಮ್ಮಿಗೆ ಬೇಕಾದದ್ದು 559 ಮಿ.ಮೀ. ವ್ಯಾಸದ್ದು, ಅದರ ಅಗಲವನ್ನು 1.95 ಅಥವಾ 2.1 ಎಂದು ದಶಾಂಶದಲ್ಲಿ ಬರೆದಿರುತ್ತಾರೆ. 26 x 1 3/8 ಎಂದು ಭಿನ್ನರಾಶಿಯಲ್ಲಿ ಬರೆದದ್ದು ಸಾದಾ ಸೈಕಲ್ಲಿನ 590 ಮಿ.ಮೀ. ಟಯರು. ಟಯರಿನ ಪಕ್ಕದಲ್ಲಿ ಒತ್ತಿರುವ ಅಂಕಿಗಳಲ್ಲಿ 559 ಇದೆಯೇ ಎಂದು ನೋಡಿ ಕೊಳ್ಳಿ.

ಪ್ರಶ್ನೆ: ಗೇರಿನ ಲಿವರ್ ಒತ್ತಿದರೆ ಬೆರಳು ಸುಮ್ಮನೆ ಹೋಗಿ ಬರುತ್ತದೆ, ಗೇರು ಬೀಳುವುದಿಲ್ಲ. ಇದು ಹಾಳಾಗಿದೆ, ಬಿಸಾಡಿ ಎಂದು ಮೆಕ್ಯಾನಿಕ್ ಹೇಳಿದರು.

ಉತ್ತರ: ಬಿಸಾಡಬೇಡಿ. ತೊಂಬತ್ತರ ದಶಕದ ಬೆರಳೊತ್ತಿನ ಲಿವರುಗಳು ಹೀಗಾಗುವುದಕ್ಕೆ ಮುರಿದ ಭಾಗಕ್ಕಿಂತ ಒಣಗಿದ ಗ್ರೀಸು ಕಾರಣವಾಗಿರುವುದೇ ಹೆಚ್ಚು. ತಯಾರಿಕೆಯ ಹೊತ್ತಿನಲ್ಲಿ ಹಚ್ಚಿದ ಗ್ರೀಸು ವರ್ಷಗಳ ಮೇಲೆ ಮೇಣದಂತೆ ಗಟ್ಟಿಯಾಗಿ, ಹಲ್ಲಿಗೆ ಬೀಳಬೇಕಾದ ಪುಟ್ಟ ಕೊಕ್ಕೆಯನ್ನು ಅಂಟಿಸಿ ಹಿಡಿಯುತ್ತದೆ. ಕೊಕ್ಕೆಯ ಹಿಂದಿರುವ ಸ್ಪ್ರಿಂಗಿಗೆ ಅದನ್ನು ಬಿಡಿಸುವ ಶಕ್ತಿ ಇರುವುದಿಲ್ಲ. ಕೆಳಗಿನ ಮುಚ್ಚಳವನ್ನಷ್ಟೇ ತೆಗೆದು, ಗ್ರೀಸು ಕರಗಿಸುವ ಸ್ಪ್ರೇಯನ್ನು ಧಾರಾಳವಾಗಿ ಹೊಡೆದು, ಲಿವರನ್ನು ಎಡೆಬಿಡದೆ ಆಡಿಸುತ್ತಿರಿ. ಮೊದಲು ಕಂದು ಬಣ್ಣದ ರಸ ಇಳಿಯುತ್ತದೆ, ಆಮೇಲೆ ನಡುನಡುವೆ ಒಂದೊಂದು ಕ್ಲಿಕ್ ಹಿಡಿಯುತ್ತದೆ, ಕೊನೆಗೆ ಎಲ್ಲವೂ ಹಿಡಿಯುತ್ತವೆ. ಪೂರ್ತಿ ಒಣಗಿದ ಮೇಲೆ ತೆಳು ಎಣ್ಣೆಯ ಹನಿ ಬಿಡಿ; ಮತ್ತೆ ಗ್ರೀಸು ತುಂಬಬೇಡಿ. ಒಳಗಿನ ಯಂತ್ರವನ್ನು ಬಿಚ್ಚುವ ಸಾಹಸವಂತೂ ಬೇಡವೇ ಬೇಡ, ಅದರ ಸುರುಳಿ ಸ್ಪ್ರಿಂಗುಗಳನ್ನು ಮರಳಿ ಕೂರಿಸುವುದು ಪರಿಣತರಿಗೂ ತಲೆನೋವು.

ಪ್ರಶ್ನೆ: ಹಳೆಯ ಕ್ಯಾಂಟಿಲಿವರ್ ಬ್ರೇಕುಗಳಲ್ಲಿ ಹಿಡಿತವೇ ಇಲ್ಲ. ವಿ-ಬ್ರೇಕ್ ಹಾಕಿಸಿಬಿಡಲೇ?

ಉತ್ತರ: ಹಾಕಿಸಬಹುದು, ಆದರೆ ಹ್ಯಾಂಡಲ್ಲಿನ ಲಿವರುಗಳನ್ನೂ ಬದಲಾಯಿಸಬೇಕಾಗುತ್ತದೆ. ವಿ-ಬ್ರೇಕಿಗೆ ಹೆಚ್ಚು ಉದ್ದದ ಕೇಬಲ್ ಎಳೆಯಬೇಕು. ಹಳೆಯ ಲಿವರು ಅಷ್ಟು ಎಳೆಯುವುದಿಲ್ಲವಾದ್ದರಿಂದ ಲಿವರು ಹ್ಯಾಂಡಲ್ಲಿಗೆ ತಾಗುವವರೆಗೂ ಬಂದುಬಿಡುತ್ತದೆ. ನನ್ನ ಅಭಿಪ್ರಾಯದಲ್ಲಿ ಕ್ಯಾಂಟಿಲಿವರಿಗೆ ಕೆಟ್ಟ ಹೆಸರು ತಂದಿರುವುದು ಕೆಟ್ಟ ಜೋಡಣೆ. ಕಲ್ಲಿನಂತಾದ ಹಳೆಯ ರಬ್ಬರುಗಳನ್ನು ತೆಗೆದು ಹೊಸವನ್ನು ಹಾಕಿ, ರಿಮ್ಮಿನ ಪಕ್ಕಗಳನ್ನು ಸ್ಪಿರಿಟ್ಟಿನಿಂದ ಒರೆಸಿ, ಕೇಬಲ್ಲನ್ನೂ ಅದರ ಹೊರಕವಚವಾದ ಔಟರನ್ನೂ ಹೊಸದಾಗಿಸಿ. ಗೇರಿನ ಔಟರನ್ನು ಬ್ರೇಕಿಗೆ ಬಳಸಲೇಬಾರದು, ಜೋರಾಗಿ ಹಿಡಿದಾಗ ಅದು ಸಿಡಿದು ಬಿಚ್ಚಿಕೊಳ್ಳಬಹುದು. ಇನ್ನು ಎರಡು ತೋಳುಗಳನ್ನು ಕೂಡಿಸುವ ಅಡ್ಡ ತಂತಿಯನ್ನು ಗಮನಿಸಿ. ಅದು ಮೇಲೆತ್ತರದಲ್ಲಿ ತ್ರಿಕೋನದಂತೆ ನಿಂತಿದ್ದರೆ ಲಿವರು ಕೈಗೆ ಗಟ್ಟಿಯೆನಿಸುತ್ತದೆ, ಹಿಡಿತ ಮಾತ್ರ ಕಡಿಮೆ. ತಂತಿಯನ್ನು ಕೆಳಗಿಳಿಸಿದಷ್ಟೂ ಬಲ ಹೆಚ್ಚುತ್ತದೆ. ಅದಕ್ಕೆ ತಕ್ಕಂತೆ ರಬ್ಬರುಗಳನ್ನು ರಿಮ್ಮಿಗೆ ಹತ್ತಿರ ಇಡಬೇಕು, ರಿಮ್ಮು ಅಲುಗಾಡದೆ ನೇರ ಸುತ್ತುವಂತಿರಬೇಕು.

ಮುಂದಿನ ಬ್ರೇಕಿನಲ್ಲಿ ಇನ್ನೊಂದು ಅಪಾಯವಿದೆ. ಮುಖ್ಯ ಕೇಬಲ್ ತುಂಡಾದರೆ ಆ ಅಡ್ಡ ತಂತಿ ಟಯರಿನ ಗುಬುಟುಗಳ ಮೇಲೆ ಬಿದ್ದು ಸಿಕ್ಕಿಕೊಂಡು ಚಕ್ರವನ್ನೇ ತಡೆದು ನಿಲ್ಲಿಸಬಹುದು. ಫೋರ್ಕಿನ ನೆತ್ತಿಯಲ್ಲಿರುವ ರಿಫ್ಲೆಕ್ಟರಿನ ಪಟ್ಟಿ ಅದನ್ನು ತಡೆಯುತ್ತದೆಯಾದ್ದರಿಂದ, ಅಂದಕ್ಕಾಗಿ ಅದನ್ನು ಕಿತ್ತುಹಾಕಬೇಡಿ. ಹೇಗೇ ಇರಲಿ, ನಮ್ಮ ಸ್ಥಿತಿ ಆರಂಭದ ಸವಾರರಿಗಿಂತ ಮೇಲು. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಇಳಿಜಾರುಗಳಲ್ಲಿ ಪಂದ್ಯ ಶುರುಮಾಡಿದವರು ಪೆಡಲನ್ನು ಹಿಂದಕ್ಕೆ ತುಳಿದು ಹಿಡಿಯುವ ಬ್ರೇಕನ್ನು ನಂಬಿದ್ದರು; ಒಮ್ಮೆ ಇಳಿದರೆ ಹಬ್ಬಿನೊಳಗಿನ ಗ್ರೀಸು ಹೊಗೆಯಾಗಿ ಹೋಗಿ, ಮತ್ತೆ ತುಂಬಬೇಕಾಗುತ್ತಿತ್ತು.

ಪ್ರಶ್ನೆ: ಸಸ್ಪೆನ್ಷನ್ ಫೋರ್ಕು ಕಲ್ಲಾಗಿದೆ. ಹೊಸ ಕಾಲದ ಫೋರ್ಕನ್ನು ಜೋಡಿಸಬಹುದೇ?

ಉತ್ತರ: ಆ ಕಾಲದ ಅನೇಕ ಫೋರ್ಕುಗಳಲ್ಲಿ ಸ್ಪ್ರಿಂಗಿನ ಬದಲು ರಬ್ಬರಿನಂಥ ಎಲಾಸ್ಟೊಮರ್ ತುಂಡುಗಳಿದ್ದವು, ವಯಸ್ಸಾದಂತೆ ಅವು ಗಟ್ಟಿಯಾಗುತ್ತವೆ ಅಥವಾ ಅಂಟಾಗಿ ಕರಗುತ್ತವೆ. ಅಳತೆಗೆ ಸರಿಹೊಂದುವ ಹೊಸ ತುಂಡುಗಳೋ ಸ್ಪ್ರಿಂಗುಗಳೋ ಸಿಕ್ಕರೆ ಹಾಕಿಸಿ. ಈಗಿನ ಉದ್ದನೆಯ ಫೋರ್ಕು ಮಾತ್ರ ಬೇಡ. ಮುಂಭಾಗ 20 ಮಿ.ಮೀ. ಎತ್ತರವಾದರೆ ಹ್ಯಾಂಡಲ್ಲಿನ ಕೋನ ಸುಮಾರು ಒಂದು ಡಿಗ್ರಿ ಹಿಂದಕ್ಕೆ ವಾಲುತ್ತದೆ, 60 ಮಿ.ಮೀ. ಏರಿಸಿದರೆ ಸೈಕಲ್ಲಿನ ಗುಣವೇ ಬದಲಾಗಿ, ಹೆಡ್‌ಟ್ಯೂಬಿನ ಬೆಸುಗೆಯ ಮೇಲೆ ಅದು ತಾಳಬೇಕಾಗಿರದಿದ್ದ ಭಾರ ಬೀಳುತ್ತದೆ. ಹಳೆಯ ಫೋರ್ಕಿನಷ್ಟೇ ಎತ್ತರದ ಉಕ್ಕಿನ ಗಟ್ಟಿ ಫೋರ್ಕು ಒಳ್ಳೆಯ ಆಯ್ಕೆ. ಹೆಡ್‌ಟ್ಯೂಬಿನೊಳಗೆ ತೂರುವ ಅದರ ಕಂಬ ನಿಮ್ಮ ಫ್ರೇಮಿನ ಹೆಡ್‌ಸೆಟ್ಟಿಗೆ (ಫೋರ್ಕು ತಿರುಗುವ ಬೇರಿಂಗಿಗೆ) ತಕ್ಕಂತೆ ಒಂದು ಇಂಚಿನದೋ ಒಂದೂಕಾಲು ಇಂಚಿಗೆ ತುಸು ಕಡಿಮೆಯ 1 1/8 ಇಂಚಿನದೋ ಎಂಬುದನ್ನು ಅಳೆದು ಕೊಳ್ಳಿ.

ಪ್ರಶ್ನೆ: ದುರಸ್ತಿ ಮುಗಿದಿದೆ. ಆದರೆ ಇಳಿಜಾರಿನಲ್ಲಿ ಮುಗ್ಗರಿಸಿಬಿಡುತ್ತೇನೋ ಎಂಬ ಭಯವಾಗುತ್ತದೆ. ಓಡಿಸುವ ರೀತಿ ಬೇರೆಯೇ?

ಉತ್ತರ: ಬೇರೆಯೇ. ಈ ಸೈಕಲ್ಲುಗಳಲ್ಲಿ ಹ್ಯಾಂಡಲ್ಲನ್ನು ಫೋರ್ಕಿಗೆ ಕೂಡಿಸುವ ಸ್ಟೆಮ್ಮು ಉದ್ದ, ಹ್ಯಾಂಡಲ್ಲು ಕಿರಿದು, ಮುಂಚಕ್ರ ಸವಾರನಿಗೆ ಹತ್ತಿರ. ಈ ಭಂಗಿ ಏರು ಹತ್ತುವುದಕ್ಕೆ ಹೇಳಿಮಾಡಿಸಿದ್ದು. ಮುಂಚಕ್ರ ನೆಲ ಬಿಡದೆ ನೆಟ್ಟಗೆ ಏರುತ್ತದೆ. ಇಳಿಯುವಾಗ ಅದೇ ಭಂಗಿ ನಿಮ್ಮನ್ನು ಮುಂದಕ್ಕೆ ದೂಡುತ್ತದೆ. ಆದ್ದರಿಂದ ಇಳಿಜಾರು ಶುರುವಾಗುವ ಮೊದಲೇ ನಿಂತು ಸೀಟನ್ನು ತಗ್ಗಿಸಿ, ಪೆಡಲುಗಳನ್ನು ಸಮಮಟ್ಟದಲ್ಲಿಟ್ಟು, ಸೊಂಟವನ್ನು ಸೀಟಿನ ಹಿಂದಕ್ಕೆ ಒಯ್ದು, ಮೊಣಕೈ ಮೊಣಕಾಲುಗಳನ್ನು ಸಡಿಲ ಬಿಡಿ. ಹಳೆಯ ಫ್ರೇಮುಗಳಲ್ಲಿ ಸೀಟಿನ ಕ್ಲಾಂಪಿಗೆ ಕೈಯಿಂದಲೇ ಬಿಚ್ಚುವ ಲಿವರ್ ಇರುವುದು ಇದಕ್ಕಾಗಿಯೇ. ಹಾದಿಯಲ್ಲಿ ನಾಲ್ಕಾರು ಮಾರು ಮುಂದೆ ನೋಡಿ ಗೆರೆ ಆರಿಸಿಕೊಳ್ಳಿ, ಏಕೆಂದರೆ ಈಗಿನ ಸೈಕಲ್ಲುಗಳಂತೆ ಕಲ್ಲಿನ ಮೇಲೆಯೇ ಹಾಯಿಸಿಕೊಂಡು ಹೋಗುವ ಸೌಕರ್ಯ ಇಲ್ಲಿಲ್ಲ. ವೇಗವನ್ನು ತಿರುವಿಗೆ ಮೊದಲು ತಗ್ಗಿಸಬೇಕು, ತಿರುವಿನೊಳಗೆ ಅಲ್ಲ. ಗಾಳಿಯನ್ನು ತೀರಾ ಇಳಿಸಬೇಡಿ. ಟ್ಯೂಬಿರುವ ಚಕ್ರ ಕಲ್ಲಿಗೆ ಬಡಿದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಎರಡು ಕಡೆ ತೂತಾಗುತ್ತದೆ. 2.1 ಇಂಚಿನ ಟಯರಿಗೆ ಚದರ ಇಂಚಿಗೆ 35 ಪೌಂಡಿನಿಂದ ಆರಂಭಿಸಿ, ನಿಮ್ಮ ತೂಕಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಿ.

ಮೊದಲ ಸವಾರಿ ಚಿಕ್ಕದಾಗಿರಲಿ. ಹಿಂದಿರುಗಿದ ಮೇಲೆ ಎಲ್ಲ ಬೋಲ್ಟುಗಳನ್ನೂ, ಮುಖ್ಯವಾಗಿ ಕ್ರ್ಯಾಂಕಿನವನ್ನು, ಇನ್ನೊಮ್ಮೆ ಬಿಗಿದು ನೋಡಿ. ಚೌಕ ಆಕ್ಸಲಿನ ಮೇಲೆ ಕೂರುವ ಕ್ರ್ಯಾಂಕು ಸಡಿಲವಾಗಿದ್ದಾಗ ತುಳಿದರೆ ಅದರ ಚೌಕ ತೂತು ದುಂಡಗಾಗುತ್ತದೆ. ಹಾಗಾದ ಕ್ರ್ಯಾಂಕನ್ನು ಎಷ್ಟು ಬಿಗಿದರೂ ಅದು ಮತ್ತೆ ನಿಲ್ಲುವುದಿಲ್ಲ.